ಪಿಸುಗುಟ್ಟಿದರೂ ಕೇಳೋ ಗುಮ್ಮಟದಲ್ಲಿ ಅಡಗಿ ಕೂರೋದು

ಹೋದ ಭಾನುವಾರ ನಮ್ಮ ಮಾಳಿಗೆ ಮೇಲೆ ಜೋರು ಜಗಳ ಆಯಿತು. ತಪ್ಪು ಅರ್ಧ ನನ್ನದೇ. ಅದಕ್ಕೇ ಬರೆಯುತ್ತಿದ್ದೇನೆ.

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅಂದರೆ ಒಬ್ಬರು ಕಥೆ ನಡೆಸಿ, ಉಳಿದವರು ಒಂದೊಂದು ಪಾತ್ರವಾಗಿ ದಾಳ ಉರುಳಿಸಿ ಆಡೋ ಆಟ. ಅದನ್ನು ಆಡೋಕೆ ನಾವು ಐದು ಜನ. ನಾನು, ನನ್ನ ತಮ್ಮ, ಅವನ ಇಬ್ಬರು ದೋಸ್ತರು, ಸೋದರಮಾವನ ಮಗಳು. ಆಟ ನಡೆಸೋದು ನಾನು. ವಿಜಯಪುರದ ಬಿಸಿಲು ಇಳಿದ ಮೇಲೆ ಚಾಪೆ ಹಾಸಿಕೊಂಡು ಕೂರುತ್ತೇವೆ. ವೈರಿಗಳ ಗೊಂಬೆ ಬದಲು ಶೇಂಗಾ ಇಡುತ್ತೇನೆ, ಕೊಂದವರು ತಿನ್ನಬಹುದು. ಯಾರ ಪಾಳಿ ಮೊದಲು ಅನ್ನೋದಕ್ಕೆ ಹೆಸರು ಬರೆದ ಚೀಟಿಗಳನ್ನು ಬಟ್ಟೆ ಒಣಹಾಕೋ ಹಗ್ಗಕ್ಕೆ ಕ್ಲಿಪ್ ಹಾಕಿ ಸಾಲಾಗಿ ನೇತುಹಾಕುತ್ತೇನೆ. ಇಷ್ಟು ಚೆನ್ನಾಗಿ ಕಾಣೋ ಇನಿಶಿಯೇಟಿವ್ ಪಟ್ಟಿ ನಾನು ಯಾವ ಆಪ್‌ನಲ್ಲೂ ನೋಡಿಲ್ಲ. ಗಾಳಿ ಬಿಟ್ಟರೆ ಮಾತ್ರ ಕಷ್ಟ.

ಈ ಸಲ ಆಟದೊಳಗೆ ನಮ್ಮ ಗೋಳಗುಮ್ಮಟದಂಥದ್ದೇ ಒಂದು ಗುಮ್ಮಟ ಇಟ್ಟಿದ್ದೆ. ಕೆಳಗೆ ಐದು ಕಾವಲುಗಾರರು. ಮೇಲೆ ಗುಮ್ಮಟದ ಸುತ್ತಿನ ಕಟ್ಟೆಯಲ್ಲಿ ನಮ್ಮ ನಾಲ್ವರು. ಈ ಬದಿಯಲ್ಲಿ ಪಿಸುಗುಟ್ಟಿದರೆ ಸುಮಾರು 38 ಮೀಟರ್ ಆಚೆ ಎದುರು ಗೋಡೆಗೆ ಕೇಳೋದು ಇಲ್ಲಿ ಸಣ್ಣ ಹುಡುಗರಿಗೂ ಗೊತ್ತು, ಅಲ್ವಾ? ಹಾಗಾಗಿ ಕಾವಲುಗಾರರ ಪ್ಯಾಸಿವ್ ಪರ್ಸೆಪ್ಷನ್ (ತಾನಾಗೇ ಸುಳಿವು ಹಿಡಿಯೋ ಅಂಕ) 12 ಇದ್ದದ್ದಕ್ಕೆ 5 ಸೇರಿಸಿ 17 ಮಾಡಿದೆ.

ತಮ್ಮ ಆಡಿಸೋ ಕಳ್ಳ, ಸದ್ದಿಲ್ಲದೆ ಅಡಗೋ ಅಂಕ ಅಂದರೆ ಸ್ಟೆಲ್ತ್‌ಗೆ 21 ತಂದ. ಇನ್ನಿಬ್ಬರದು 18, 19. ನಾಲ್ಕನೆಯವನು ಚೈನ್ ಮೇಲ್, ಅಂದರೆ ಕಬ್ಬಿಣದ ಸರಪಳಿ ಕವಚ ಹಾಕಿಕೊಂಡ ಭಾರಿ ಆಸಾಮಿ. ಅವನು ಎರಡು ದಾಳ ಉರುಳಿಸಿ ಕಡಿಮೆ ಬಿದ್ದದ್ದನ್ನು ತೆಗೆದುಕೊಳ್ಳಬೇಕು. ಬಂದದ್ದು 6. ಝಣ್ ಅಂದಿತು ಕಬ್ಬಿಣ.

"ಯಾರೂ ಸರ್ಪ್ರೈಸ್ ಆಗಲಿಲ್ಲ, ಎಲ್ಲರೂ ನಿಮ್ಮನ್ನ ನೋಡಿದ್ರು" ಅಂದೆ.

"ಅಕ್ಕಾ, ನಾ 21 ತಂದೀನಿ! ಇವನ ಸಪ್ಪಳಕ್ಕ ನಂದ್ಯಾಕ ಹಾಳಾಗಬೇಕು?"

ಸರ್ಪ್ರೈಸ್ ಆಗಲಿಲ್ಲ ಅನ್ನೋದು ಸರಿ. ನಾವು ಆಡೋದು 2014ರ ನಿಯಮ. ಅದರ ಪ್ರಕಾರ ಒಂದೂ ಅಪಾಯ ಗಮನಿಸದೇ ಇದ್ದವನು ಮಾತ್ರ ಸರ್ಪ್ರೈಸ್. ಒಬ್ಬನ ಕಬ್ಬಿಣ ಕಿವಿಗೆ ಬಿದ್ದರೂ ಸಾಕು, ಕಾವಲುಗಾರ ಎಚ್ಚರ. ನಾನು ಎಡವಿದ್ದು ಎರಡನೇ ಮಾತಲ್ಲಿ. ರಾತ್ರಿ ಪುಸ್ತಕ ತೆಗೆದು ನೋಡಿದಾಗ ತಲೆ ಚಚ್ಚಿಕೊಂಡೆ. ಸರ್ಪ್ರೈಸ್ ಬೇರೆ, ಅಡಗಿರೋದು ಬೇರೆ. ಕಾವಲುಗಾರರಿಗೆ ಗೊತ್ತಾದದ್ದು ಕಬ್ಬಿಣದವನು ಇದ್ದಾನೆ ಅಂತ. ನನ್ನ ತಮ್ಮ ಇನ್ನೂ ಕತ್ತಲಲ್ಲೇ ಇದ್ದ. ಅವನ ಪಾಳಿ ಬಂದಾಗ ಎರಡು ದಾಳ ಉರುಳಿಸಿ ಜಾಸ್ತಿ ಬಿದ್ದದ್ದನ್ನು ತೆಗೆದುಕೊಂಡು, ಸ್ನೀಕ್ ಅಟ್ಯಾಕ್ ಅನ್ನೋ ಕಳ್ಳನ ಹೆಚ್ಚುವರಿ ಪೆಟ್ಟೂ ಸೇರಿಸಿ ಹೊಡೆಯಬಹುದಿತ್ತು. ಅದನ್ನು ನಾನು ಸುಮ್ನೆ ಕಿತ್ತುಕೊಂಡಿದ್ದೆ.

ಇನ್ನೊಂದು ಜಗಳ ಹಳೇದು. "ಮೊದಲ ನಾ ಬಾಣ ಬಿಡ್ತೀನಿ, ಆಮೇಲೆ ಡೈಸ್ ಹಾಕೋಣು" ಅನ್ನೋದು. ಇದಕ್ಕೆ ಮಾತ್ರ ನಾನು ಬಗ್ಗೋದಿಲ್ಲ. ಆ ಬಾಣವೂ ಯುದ್ಧದ ಒಳಗೇ ಬರುತ್ತದೆ. ಮೊದಲು ಎಲ್ಲರೂ ಡಿ20, ಅಂದರೆ ಇಪ್ಪತ್ತು ಮುಖದ ದಾಳ ಉರುಳಿಸಿ, ಚುರುಕುತನದ ಅಂಕ ಡೆಕ್ಸ್‌ಟೆರಿಟಿ ಸೇರಿಸಿ ಹಗ್ಗದ ಮೇಲೆ ಹತ್ತಬೇಕು. ಸರ್ಪ್ರೈಸ್ ಆದವರ ಮೊದಲ ಪಾಳಿ ಖಾಲಿ. ಅಲುಗಾಡೋ ಹಾಗಿಲ್ಲ, ಹೊಡೆಯೋ ಹಾಗಿಲ್ಲ, ಆ ಪಾಳಿ ಮುಗಿಯೋವರೆಗೆ ರಿಯಾಕ್ಷನ್ನೂ (ಬೇರೆಯವರ ಪಾಳಿಯಲ್ಲಿ ಕೊಡೋ ಪ್ರತಿಕ್ರಿಯೆ) ಇಲ್ಲ. ಹೊಂಚು ಹಾಕಿದವರಷ್ಟೇ ಹೊಡೆಯೋ ಸರ್ಪ್ರೈಸ್ ರೌಂಡ್ ಅಂತ ಬೇರೆ ಒಂದು ಇತ್ತು, 2000ದಲ್ಲಿ ಬಂದ ಮೂರನೇ ಆವೃತ್ತಿಯಲ್ಲಿ. ಈಗಿಲ್ಲ. ಆದರೂ ಜನ ಬಿಟ್ಟಿಲ್ಲ.

ಇದರಲ್ಲಿ ಒಂದು ಕಿರಿಕ್ ಇದೆ, ಒಪ್ಪುತ್ತೇನೆ. ಸರ್ಪ್ರೈಸ್ ಆದ ಕಾವಲುಗಾರನಿಗೆ 19 ಬಿತ್ತು, ಕಳ್ಳನಿಗೆ 8 ಅಂತಿಟ್ಟುಕೊಳ್ಳಿ. ಬಾಣ ಬಿಡೋ ಮೊದಲೇ ಕಾವಲುಗಾರನ ಖಾಲಿ ಪಾಳಿ ಮುಗಿದಿರುತ್ತದೆ. ಆಗ ಅವನು ಸರ್ಪ್ರೈಸ್ ಅಲ್ಲವೇ ಅಲ್ಲ. ಅಸಾಸಿನ್ (ಕೊಲೆಗಾರ ಕಳ್ಳ) ಆಡೋರಿಗೆ ಸರ್ಪ್ರೈಸ್ ಆದವನ ಮೇಲೆ ಸಿಗೋ ಕ್ರಿಟಿಕಲ್, ಅಂದರೆ ದುಪ್ಪಟ್ಟು ದಾಳದ ಪೆಟ್ಟು ಹೋಯಿತು! ಇಂಥಲ್ಲಿ ನಾನು, ಬಿಲ್ಲಿನ ನಾಣು ಕಿರ್ ಅಂದದ್ದು ಗುಮ್ಮಟದಲ್ಲಿ ಮಾರ್ದನಿಸಿತು ಅಂತ ಕಥೆ ಹೇಳಿ ಪಾರಾಗುತ್ತೇನೆ. ನಮ್ಮೂರವರು ಅದನ್ನು ನಂಬುತ್ತಾರೆ.

2024ರ ಹೊಸ ನಿಯಮದಲ್ಲಿ ಈ ರಗಳೆಯಿಲ್ಲ. ಸರ್ಪ್ರೈಸ್ ಆದವರು ಇನಿಶಿಯೇಟಿವ್‌ಗೆ ಎರಡು ದಾಳ ಉರುಳಿಸಿ ಕಡಿಮೆಯದನ್ನು ಇಟ್ಟುಕೊಳ್ಳುತ್ತಾರೆ, ಅಷ್ಟೇ. ಒಮ್ಮೆ ಆಡಿ ನೋಡಿದೆವು. ಶೇಂಗಾಕ್ಕೆ ಎರಡೂ ದಾಳ ಹದಿನೈದರ ಮೇಲೆ ಬಿದ್ದವು. ಹೊಂಚು ಹಾಕಿ ಕೂತವರ ಮೇಲೇ ಮೊದಲ ಪೆಟ್ಟು ಬಿತ್ತು. ಲೆಕ್ಕ ಸುಲಭ, ಆದರೆ ಹೊಂಚು ಹಾಕಿದ್ದಕ್ಕೆ ಮಜಾ ಉಳಿಯಲಿಲ್ಲ. 1981ರ ಬೇಸಿಕ್ ಆಟದಲ್ಲಿ ಆರು ಮುಖದ ದಾಳದಲ್ಲಿ 1 ಅಥವಾ 2 ಬಿದ್ದರೆ ಸರ್ಪ್ರೈಸ್, ಕಥೆ ಮುಗೀತು. ಒಂದೊಂದು ಸಲ ಅದೇ ವಾಸಿ ಅನ್ನಿಸುತ್ತದೆ.

ಬೆಳಿಗ್ಗೆ ತಮ್ಮನಿಗೆ ತಪ್ಪಾಯ್ತು ಅಂದೆ. ಬರೋ ಭಾನುವಾರ ಅವನ ಪಾಳಿಯಿಂದಲೇ ಮತ್ತೆ ಶುರು. ಅವನು ತಕ್ಷಣ ಕಬ್ಬಿಣದವನಿಗೆ ಫೋನ್ ಹಚ್ಚಿ, ಇನ್ನು ಮುಂದೆ ಹೊಂಚು ಹಾಕೋ ಮುಂಚೆ ಆ ಚೈನ್ ಮೇಲ್ ಬಿಚ್ಚಿಡು ಅಂದ.

"ಬಿಚ್ಚಾಕ 5 ನಿಮಿಷ, ಮತ್ತ ಹಾಕ್ಕೊಳ್ಳಾಕ 10 ನಿಮಿಷ ಬೇಕಲೇ. ಅಷ್ಟೊತ್ತಿಗೆ ಶೇಂಗಾ ಎಲ್ಲಾ ನೀನೇ ತಿಂದಿರ್ತಿ."