ತೂಕ ಯಾಕೆ ಏರಲ್ಲ, ರಕ್ತ ಏನ್ ಹೇಳುತ್ತೆ

ಹುಟ್ಟಿದಾಗಿಂದ ಹಾರ್ಟಲ್ಲಿ ತೂತು ಇರೋ ಮಗು ತೂಕ ಏರಲಿಲ್ಲ ಅಂದ್ರೆ ಎಲ್ರೂ ಮೊದ್ಲು ಬೈಯೋದು ತಾಯಿನ, ಸರಿಯಾಗಿ ಹಾಲು ಕುಡಿಸ್ತಿಲ್ಲ ಅಂತ. ನಂಗಂತೂ ಇದು ಕೇಳಿದ್ರೇ ಸಿಟ್ಟು ಬರುತ್ತೆ. ತೂತು ದೊಡ್ಡದಿದ್ರೆ ಶ್ವಾಸಕೋಶಕ್ಕೆ ರಕ್ತ ಜಾಸ್ತಿ ನುಗ್ಗುತ್ತೆ, ಮಗು ಏದುಸಿರು ಬಿಡುತ್ತೆ, ನಾಲ್ಕು ಗುಟುಕು ಕುಡಿಯೋಷ್ಟ್ರಲ್ಲಿ ಬೆವರಿ ಸುಸ್ತಾಗಿ ಮಲಗಿಬಿಡುತ್ತೆ, ಕುಡಿದಿದ್ದೂ ಉಸಿರಾಡೋಕೇ ಖರ್ಚಾದ್ರೆ ಬೆಳೆಯೋಕೆ ಏನ್ ಉಳಿಯುತ್ತೆ ಹೇಳಿ. ಇಂಥ ಕೆಲವು ಕೂಸುಗಳಿಗೆ ದಿನಕ್ಕೆ ಕೆಜಿಗೆ 120-150 ಕ್ಯಾಲೊರಿ ಬೇಕಾಗುತ್ತೆ.

ಬ್ಲಡ್ ಟೆಸ್ಟಲ್ಲಿ ಎನ್‌ಟಿ-ಪ್ರೋಬಿಎನ್‌ಪಿ ಅಂತ ಒಂದಿದೆ, ಹೃದಯದ ಗೋಡೆ ಹಿಗ್ಗಿ ಒತ್ತಡ ಬಿದ್ದಷ್ಟೂ ಏರುತ್ತೆ (ಹುಟ್ಟಿದ ಮೊದಲ ಕೆಲವು ದಿನ ಆರೋಗ್ಯವಾಗಿರೋ ಮಕ್ಕಳಲ್ಲೂ ಜಾಸ್ತಿನೇ ಇರುತ್ತೆ, ಗಾಬರಿ ಬೇಡ). ಬೆಳವಣಿಗೆ ಹಾರ್ಮೋನಿನ ಕೆಲಸ ಮೈಗೆ ತಲುಪಿಸೋದು ರಕ್ತದಲ್ಲಿರೋ ಐಜಿಎಫ್-1 ಅನ್ನೋ ಇನ್ನೊಂದು ಹಾರ್ಮೋನು, ಹಾರ್ಟ್ ತೊಂದರೆಯಿಂದ ಆಕ್ಸಿಜನ್ ಸಾಲದೆ ನೀಲಿಗಟ್ಟೋ ಮಕ್ಕಳಲ್ಲಿ ಅದು ಸಾಮಾನ್ಯವಾಗಿ ಕಮ್ಮಿ. ಇದೇ ಮಕ್ಕಳಲ್ಲಿ ಹಿಮೋಗ್ಲೋಬಿನ್ ಚೆನ್ನಾಗೇ ಕಂಡ್ರೂ ಐರನ್ ಕೊರತೆ ಇರಬಹುದು, ಮೈಯಲ್ಲಿ ಐರನ್ ಎಷ್ಟು ಕೂಡಿಟ್ಟಿದೆ ಅಂತ ಹೇಳೋ ಫೆರಿಟಿನ್ನೂ ನೋಡಿಸ್ಬೇಕು. ಒಂದೇ ರಿಪೋರ್ಟ್ ಹಿಡ್ಕೊಂಡು ಕೂರೋದಕ್ಕಿಂತ ತೂಕದ ಚಾರ್ಟ್ ಜೊತೆಗಿಟ್ಟು ನೋಡೋದು ವಾಸಿ. ಟೈಮಿಗೆ ಆಪರೇಷನ್ ಆದ್ರೆ ತುಂಬಾ ಮಕ್ಕಳು ಮೈ ಹಿಡೀತಾರೆ, ಎತ್ತರ ಮಾತ್ರ ನಿಧಾನ.