ಮಾತ್ರೆ ತಗೊಳ್ಳುವಾಗ ಪ್ರೋಟೀನ್ ಎಸ್ ಕಡಿಮೆ ಬಂದರೆ?

ರಕ್ತ ಹೆಪ್ಪುಗಟ್ಟುವಿಕೆಯ ಪರೀಕ್ಷೆ ಮಾಡುವ ಲ್ಯಾಬ್‌ನಲ್ಲಿ ನನ್ನ ಕೆಲಸ. ಹೆಂಗಸರು ಪದೇ ಪದೇ ಕೇಳುವ ಪ್ರಶ್ನೆ ಇದು: "ಗರ್ಭನಿರೋಧಕ ಮಾತ್ರೆ ತಗೊಳ್ತಾ ಇದ್ದೀನಿ. ಪ್ರೋಟೀನ್ ಎಸ್ ಕಡಿಮೆ ಬಂದಿದೆ. ಇದು ಹುಟ್ಟಿನಿಂದ ಬಂದ ದೋಷನಾ?"

ಆ ಒಂದು ರಿಪೋರ್ಟ್ ನೋಡಿ ಹಾಗೆ ಹೇಳಲು ಬರುವುದಿಲ್ಲ. ಮಾತ್ರೆಯೇ ಅದನ್ನು ಇಳಿಸಿರಬಹುದು.

ರಕ್ತ ಬೇಡದ ಕಡೆ ಹೆಪ್ಪುಗಟ್ಟದಂತೆ ತಡೆಯುವ ಪ್ರೋಟೀನ್‌ಗಳಲ್ಲಿ ಮುಖ್ಯವಾದವು ಮೂರು: ಆಂಟಿಥ್ರಾಂಬಿನ್, ಪ್ರೋಟೀನ್ ಸಿ, ಪ್ರೋಟೀನ್ ಎಸ್. ಈಸ್ಟ್ರೋಜನ್ ಇರುವ ಮಾತ್ರೆಯಿಂದ ಆಂಟಿಥ್ರಾಂಬಿನ್ ಸ್ವಲ್ಪ ಇಳಿಯಬಹುದು. ಪ್ರೋಟೀನ್ ಸಿ ಏರುವುದೇ ಜಾಸ್ತಿ. ಹಾಗಾಗಿ ನಿಜವಾದ ಸಣ್ಣ ಕೊರತೆ ಇದ್ದರೂ ಅದು ಮರೆಯಾಗಬಹುದು! ಎಲ್ಲಕ್ಕಿಂತ ಹೆಚ್ಚು ಕುಸಿಯುವುದು ಪ್ರೋಟೀನ್ ಎಸ್. ಇದರಲ್ಲಿ ಸುಮಾರು 60% ಬೇರೊಂದು ಪ್ರೋಟೀನಿಗೆ ಅಂಟಿಕೊಂಡಿರುತ್ತದೆ. ಉಳಿದ 40% ಬಿಡಿಯಾಗಿದ್ದು, ಪ್ರೋಟೀನ್ ಸಿಗೆ ನೆರವಾಗುತ್ತದೆ. ಅದಕ್ಕೇ ಲ್ಯಾಬ್‌ಗಳು ಈ 'ಫ್ರೀ ಪ್ರೋಟೀನ್ ಎಸ್' ಅಳೆಯುತ್ತವೆ. ಈಸ್ಟ್ರೋಜನ್ ಇಲ್ಲದೆ, ಪ್ರೊಜೆಸ್ಟಿನ್ ಎಂಬ ಇನ್ನೊಂದು ಹಾರ್ಮೋನ್ ಮಾತ್ರ ಇರುವ ಮಾತ್ರೆಗಳಿಂದ ಇಷ್ಟು ಏರುಪೇರು ಆಗುವುದಿಲ್ಲ.

ಕೊರತೆ ಇದೆಯೆಂದು ಹೇಳಬೇಕಾದರೆ ಈಸ್ಟ್ರೋಜನ್ ಬಿಟ್ಟು ಸಾಮಾನ್ಯವಾಗಿ 4ರಿಂದ 8 ವಾರ ಕಾದು ಮತ್ತೆ ರಕ್ತ ಕೊಡಬೇಕು. ಆದರೆ ಪರೀಕ್ಷೆಗೆ ಅಂತ ಸುಮ್ನೆ ನೀವೇ ಮಾತ್ರೆ ನಿಲ್ಲಿಸಬೇಡಿ. ಆ ವಾರಗಳಿಗೆ ಬೇರೆ ಗರ್ಭನಿರೋಧಕ ಬೇಕಲ್ವಾ? ಗರ್ಭ ನಿಂತರೆ ಪ್ರೋಟೀನ್ ಎಸ್ ಇನ್ನೂ ಇಳಿಯುತ್ತದೆ, ಹೆಪ್ಪುಗಟ್ಟುವ ಅಪಾಯವೂ ಮಾತ್ರೆಗಿಂತ ಜಾಸ್ತಿ. ಇನ್ನು ಮಾತ್ರೆ ತಗೊಳ್ಳುವಾಗಲೇ ಪ್ರೋಟೀನ್ ಎಸ್ ಸರಿಯಾಗಿ ಬಂದಿದ್ದರೆ, ಹುಟ್ಟಿನ ಕೊರತೆ ಇರುವ ಸಾಧ್ಯತೆ ಕಡಿಮೆ. ಹೆಪ್ಪುಗಟ್ಟುವ ಅಪಾಯ ಹೆಚ್ಚಿಸುವ, ಹುಟ್ಟಿನಿಂದ ಬರುವ ಜೀನ್ ಬದಲಾವಣೆಯಾದ ಫ್ಯಾಕ್ಟರ್ ಫೈವ್ ಲೈಡನ್‌ನ ಡಿಎನ್‌ಎ ಪರೀಕ್ಷೆಗಂತೂ ಮಾತ್ರೆಯ ಅಡ್ಡಿಯೇ ಇಲ್ಲ.

ಹಾಗಾದರೆ ಮಾತ್ರೆ ಶುರು ಮಾಡುವ ಮೊದಲು ಎಲ್ಲರೂ ಇವನ್ನೆಲ್ಲ ಮಾಡಿಸಬೇಕೇ? ಬೇಡ. ಗರ್ಭಿಣಿಯಲ್ಲದ, ಮಾತ್ರೆ ತಗೊಳ್ಳದ 10,000 ಹೆಂಗಸರಲ್ಲಿ ವರ್ಷಕ್ಕೆ ಸುಮಾರು 2 ಜನರಿಗೆ ರಕ್ತನಾಳದಲ್ಲಿ ಹೆಪ್ಪುಗಟ್ಟುತ್ತದೆ. ಈಸ್ಟ್ರೋಜನ್ ಮಾತ್ರೆಯಲ್ಲಿ ಅದು 5ರಿಂದ 12, ಯಾವ ಪ್ರೊಜೆಸ್ಟಿನ್ ಜೊತೆಗಿದೆ ಅನ್ನುವುದರ ಮೇಲೆ ನಿಂತಿದೆ. ಅಮ್ಮನಿಗೋ ಅಕ್ಕನಿಗೋ ಚಿಕ್ಕ ವಯಸ್ಸಿನಲ್ಲಿ ಹೀಗಾಗಿತ್ತೇ ಎಂದು ವೈದ್ಯರು ಕೇಳುವ ಪ್ರಶ್ನೆಗೆ ನನ್ನ ಮಟ್ಟಿಗೆ ಬೆಲೆ ಹೆಚ್ಚು.

ಒಂದು ಕಾಲು ಊದಿ ನೋಯುತ್ತಿದ್ದರೆ, ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ, ಈ ಪರೀಕ್ಷೆಗಳಿಗೆ ಕಾಯಬೇಡಿ. ಹೆಪ್ಪು ಇದೆಯೋ ಇಲ್ಲವೋ ಎಂದು ಇವು ಹೇಳುವುದಿಲ್ಲ. ನೇರ ಆಸ್ಪತ್ರೆಗೆ ಹೋಗಿ.