ಚೆಟ್ಟಳ್ಳಿಯಲ್ಲಿ ಅಬರ್ಡೀನಿನ ಹೆಲ್ಮೆಟ್ಟು

ಕೊಡಗಿನ ಸುಂಟಿಕೊಪ್ಪದಲ್ಲಿ ಬಸ್ಸಿಳಿದು, ಕಾಫಿ ಹೂವಿನ ವಾಸನೆ ಸಿಗಬಹುದೆಂದು ಮೂಗರಳಿಸಿದೆ. ಸಿಕ್ಕಿದ್ದು ಡೀಸೆಲ್ ವಾಸನೆ. ಮಾರ್ಚ್ ಮೊದಲ ವಾರ, ಹೂಮಳೆಯ ಸುಳಿವಿಲ್ಲ. ಬಂಕಿನ ಮುಂದೆ ಜೀಪು, ಪಿಕಪ್ಪುಗಳ ಸಾಲು, ಒಂದೊಂದರ ಹಿಂದೆಯೂ ನೀಲಿ ಡ್ರಮ್ಮು. ರೋಬಸ್ಟಾ ಕಾಫಿಯ ಮೊಗ್ಗಿಗೆ ಈಗ ನೀರು ಬೀಳದಿದ್ದರೆ ಮುಂದಿನ ವರ್ಷದ ಬೆಳೆ ಇಲ್ಲ ಎಂದೇ ಲೆಕ್ಕ. ಮಳೆಗೆ ಕಾದು ಕೂರುವ ಧೈರ್ಯ ಯಾರಿಗೂ ಇಲ್ಲ, ಡೀಸೆಲ್ ಪಂಪಿನಲ್ಲೇ ನೀರು ಹಾಯಿಸುತ್ತಾರೆ.

ಆ ಸಾಲಿನಲ್ಲೇ ನನ್ನ ಗೆಳೆಯ ಸಿಕ್ಕ. ಮಾನಸಗಂಗೋತ್ರಿಯಲ್ಲಿ ನನ್ನ ಜೊತೆ ಭೂವಿಜ್ಞಾನ ಓದಿದವನು. ನಾನು ಪಾಠ ಹೇಳಲು ಹೋದೆ, ಅವನು ಕಚ್ಚಾ ಎಣ್ಣೆ ಹುಡುಕಲು ಸ್ಕಾಟ್ಲೆಂಡಿನ ಅಬರ್ಡೀನಿಗೆ ಹೋದ. 2016ರಲ್ಲಿ ಕೆಲಸ ಕಳೆದುಕೊಂಡು ಚೆಟ್ಟಳ್ಳಿ ಹತ್ತಿರದ ತನ್ನ ತೋಟಕ್ಕೆ ವಾಪಸು ಬಂದ. ಅಂದಿನಿಂದ ‘ಬಾ ಬಾ’ ಅನ್ನುತ್ತಿದ್ದ, ನಾನು ಈಗ ಬಂದಿದ್ದೆ.

“ಎಣ್ಣೆ ಬಿಟ್ಟು ಬಂದೆ ಅಂದುಕೊಂಡಿದ್ದೆ. ನೋಡು, ಇಲ್ಲೂ ಎಣ್ಣೆಗೇ ಕ್ಯೂ ನಿಂತಿದ್ದೇನೆ ಮಾರಾಯ,” ಎಂದ.

ತೋಟದ ಮನೆಯ ಜಗಲಿಯಲ್ಲಿ ಮೊದಲು ಕಣ್ಣಿಗೆ ಬಿದ್ದದ್ದು ಒಂದು ಬಿಳಿ ಹೆಲ್ಮೆಟ್ಟು. ಉತ್ತರ ಸಮುದ್ರದಲ್ಲಿ ಎಣ್ಣೆ ಕೊರೆಯುವ ರಿಗ್ಗುಗಳಲ್ಲಿ ಇವನ ತಲೆ ಕಾಯ್ದದ್ದು. ಒಳಗಿನ ಪಟ್ಟಿಗಳನ್ನೆಲ್ಲ ಕಿತ್ತು ಅವನ ಅವ್ವ ಅದನ್ನು ಮೆಣಸು ಅಳೆಯುವ ಪಾತ್ರೆ ಮಾಡಿಕೊಂಡಿದ್ದಾರೆ. ಅಂಚಿನವರೆಗೆ ತುಂಬಿ ಅಂಗೈಯಿಂದ ಸವರಿದರೆ ಸರಿಯಾಗಿ ಎರಡೂವರೆ ಸೇರಂತೆ. “ಇದಕ್ಕೆ ತುಕ್ಕಿಲ್ಲ, ಒಡೆಯೋದಿಲ್ಲ. ಒಳ್ಳೆ ಸಾಮಾನು,” ಎಂದರು. ಮಗನ ಎಂಟು ವರ್ಷದ ದುಡಿಮೆಯಲ್ಲಿ ಅವರಿಗೆ ಪೂರ್ತಿ ಒಪ್ಪಿಗೆಯಾದದ್ದು ಅದೊಂದೇ ಎಂಬಂತಿತ್ತು ಆ ಮಾತು.

ರಾತ್ರಿ ಕಡಂಬುಟ್ಟು, ಪಂದಿ ಕರಿ. ಊಟದ ನಡುವೆ ಅಬರ್ಡೀನಿನ ಕಥೆ ಬಂತು. 1970ರಲ್ಲಿ ಫೋರ್ಟೀಸ್ ಎಂಬ ಭಾರಿ ನಿಕ್ಷೇಪ ಸಿಕ್ಕುವವರೆಗೆ ಅದು ಮೀನು, ಹಡಗು, ಬೂದುಬಣ್ಣದ ಗ್ರಾನೈಟಿನ ಊರು. ಆಮೇಲೆ ಯುರೋಪಿನ ಎಣ್ಣೆ ರಾಜಧಾನಿ. 1495ರಲ್ಲಿ ಹುಟ್ಟಿದ ಅಲ್ಲಿನ ವಿಶ್ವವಿದ್ಯಾಲಯ ಪಾದ್ರಿಗಳಿಗೆ, ವೈದ್ಯರಿಗೆ ಕಲಿಸುತ್ತಿದ್ದದ್ದು, ಸಮುದ್ರದಡಿಯ ಕಲ್ಲನ್ನು ಓದುವವರನ್ನೂ ತಯಾರು ಮಾಡತೊಡಗಿತು. ಅದೇ ಊರಿನ ರಾಬರ್ಟ್ ಗಾರ್ಡನ್ ವಿಶ್ವವಿದ್ಯಾಲಯವೂ ಎಣ್ಣೆ ಉದ್ಯಮಕ್ಕೆ ಜನ ಕೊಟ್ಟಿತು. ಬ್ರಿಟನ್ನಿನ ಪಾಲಿನ ಉತ್ತರ ಸಮುದ್ರದ ಉತ್ಪಾದನೆ 1999ರಲ್ಲಿ ತುದಿ ಮುಟ್ಟಿ ಇಳಿಯಿತು. ಇವನು ಹೋದದ್ದೇ ಇಳಿಜಾರಿನಲ್ಲಿ. ಆದರೆ ಬ್ಯಾರೆಲ್ಲಿಗೆ ನೂರು ಡಾಲರ್ ಇರುವಾಗ ಇಳಿಜಾರು ಯಾರ ಕಣ್ಣಿಗೂ ಬೀಳುವುದಿಲ್ಲ. 2014ರ ಮಧ್ಯದಲ್ಲಿ ನೂರರ ಮೇಲಿದ್ದ ಬೆಲೆ 2016ರ ಜನವರಿಗೆ ಮೂವತ್ತರ ಕೆಳಗೆ ಬಂತು. ಇವನ ಮೇಜಿನ ಮೇಲೆ ಕವರು ಬಂದದ್ದು ಆಗ.

“ಬೆಲೆ ಬಿದ್ದಿದ್ದಕ್ಕೆ ಹೋದ ಕೆಲಸ, ಬೆಲೆ ಎದ್ದಾಗ ತಿರುಗಿ ಬರುತ್ತೆ ಅಂತ ಎಲ್ಲರೂ ನಂಬಿದ್ದೆವು. ಅಷ್ಟರಲ್ಲಿ ದಾರಿಯೇ ಬೇರೆಯಾಯ್ತು,” ಎಂದ. ಅಬರ್ಡೀನ್ ಕೊಲ್ಲಿಯಲ್ಲಿ 2018ರಲ್ಲಿ ಹನ್ನೊಂದು ಗಾಳಿಯಂತ್ರ ನಿಂತವು. (ಅವು ತನ್ನ ಗಾಲ್ಫ್ ಮೈದಾನದ ನೋಟ ಕೆಡಿಸುತ್ತವೆಂದು ಡೊನಾಲ್ಡ್ ಟ್ರಂಪ್ ಬ್ರಿಟನ್ನಿನ ಸುಪ್ರೀಂ ಕೋರ್ಟಿನವರೆಗೆ ಹೋಗಿ 2015ರಲ್ಲಿ ಸೋತಿದ್ದರು.) ಯಂತ್ರ ನಿಲ್ಲಿಸುವಾಗ ಜನ ಬೇಕು, ನಿಂತ ಮೇಲೆ ಬೆರಳೆಣಿಕೆ ಸಾಕು. ರಿಗ್ಗಿನ ಕೆಲಸಗಾರ ಗಾಳಿಯ ಕಡೆಗೆ ಹೋಗಬೇಕಾದರೆ, ನೀರಿಗೆ ಬಿದ್ದರೆ ಬದುಕುವುದು ಹೇಗೆ ಎನ್ನುವ ತರಬೇತಿಯನ್ನು ಮತ್ತೆ ಪಡೆದು ಬೇರೆ ಸರ್ಟಿಫಿಕೇಟು ತರಬೇಕಿತ್ತು. ಹಲವರು ಕೈಯಿಂದ ದುಡ್ಡು ಕಟ್ಟಿದರು. “ಅದೇ ಸಮುದ್ರ, ಅದೇ ಚಳಿ, ಮುಳುಗುವವನೂ ಅದೇ ಮನುಷ್ಯ. ಕಾಗದ ಮಾತ್ರ ಬೇರೆ,” ಎಂದು ಗೆಳೆಯ ನಕ್ಕ.

ಬೆಳಗಿನ ಜಾವ ಮೂರಕ್ಕೆ ಎಬ್ಬಿಸಿದ. ಸ್ಪ್ರಿಂಕ್ಲರ್ ಪೈಪು ಬದಲಿಸುವ ಹೊತ್ತು. ಟಾರ್ಚು ಹಿಡಿದು ಕೆರೆಯ ಕಡೆ ಇಳಿದೆವು. ಅಂಚಿನಲ್ಲಿ ಸೋಲಾರ್ ಬೇಲಿ ಟಿಕ್ ಟಿಕ್ ಎನ್ನುತ್ತಿತ್ತು. ಆನೆ ಅದನ್ನೂ ದಾಟಲು ಕಲಿತಿದೆ, ಒಣ ಮರ ಎಳೆದು ತಂತಿಯ ಮೇಲೆ ಕೆಡವುತ್ತದೆ. ಕೆರೆ ಏರಿಯ ಮೇಲೆ ಎಂಜಿನ್ನು ಮೈ ನಡುಗಿಸುತ್ತ ಹೊಗೆ ಉಗುಳುತ್ತಿತ್ತು. ಎಂಜಿನ್ ನಿಂತಾಗ ಕಿವಿಯಲ್ಲಿ ಒಂದು ನಿಮಿಷ ಗುಂಯ್ ಎಂದು, ಆಮೇಲೆ ಎಲೆಗಳಿಂದ ತೊಟ್ಟಿಕ್ಕುವ ನೀರಿನ ಸದ್ದು ಕೇಳಿಸಿತು. ಬೇಲಿಗೆ ಸೋಲಾರ್ ಹಾಕಿದವನು ಪಂಪಿಗೂ ಯಾಕೆ ಹಾಕಲಿಲ್ಲ ಎಂದು ಕೇಳಿದೆ. “ವರ್ಷಕ್ಕೆ ಮೂರು ನಾಲ್ಕು ವಾರ ಮಾತ್ರ ಓಡುವ ಪಂಪು ಇದು. ಹಗಲೂ ರಾತ್ರಿ ಓಡಬೇಕು. ಅದಕ್ಕೆ ಬೇಕಾದಷ್ಟು ಪ್ಯಾನೆಲ್ ಹಾಕಿ ಉಳಿದ ಹನ್ನೊಂದು ತಿಂಗಳು ಮೋಡ ನೋಡ್ತಾ ಕೂರ್ಲಾ?” ಎಂದ. ಎಣ್ಣೆ ಬಿಟ್ಟು ಗಾಳಿ, ಬಿಸಿಲಿನ ಕಡೆ ಹೋಗುವ ಇಂಧನ ಬದಲಾವಣೆಯ ಬಗ್ಗೆ ನಾನು ತರಗತಿಯಲ್ಲಿ ಮಾಡಿದ ಪಾಠಗಳಲ್ಲೆಲ್ಲೂ ಈ ಲೆಕ್ಕ ಇರಲಿಲ್ಲ.

ಪೈಪು ಹೊರುತ್ತಿದ್ದ ಇಬ್ಬರೂ ಅಸ್ಸಾಮಿನವರು. ಕೊಡಗಿನ ತೋಟ ಕಾರ್ಮಿಕರ ಲೈನ್ ಮನೆಗಳಲ್ಲಿ ಈಗ ಅಸ್ಸಾಮಿ ಮಾತು ಸಾಮಾನ್ಯ. ಅವರಲ್ಲಿ ಚಿಕ್ಕವನು ತಿನ್ಸುಕಿಯಾ ಜಿಲ್ಲೆಯವನು. ಆ ಹೆಸರು ಕೇಳಿ ನನ್ನ ಕಿವಿ ನಿಮಿರಿತು. 1901ರಿಂದ ರಿಫೈನರಿ ಇರುವ ದಿಗ್ಬೋಯ್ ಅದೇ ಜಿಲ್ಲೆ. ಬಾಘಜಾನ್ ಎಂಬ ಗ್ಯಾಸ್ ಬಾವಿಯೂ ಅಲ್ಲಿಯದೇ. 2020ರ ಮೇ 27ರಂದು ಅದರ ಬಾಯಿ ಸಿಡಿದು ಗ್ಯಾಸ್ ಹೊರಬಿತ್ತು, ಜೂನ್ 9ಕ್ಕೆ ಬೆಂಕಿ ಹತ್ತಿತು, ಪೂರ್ತಿ ಆರಿದ್ದು ನವೆಂಬರಿನಲ್ಲಿ. “ನಮ್ಮ ಊರಲ್ಲಿ ರಾತ್ರಿ ಲೈಟ್ ಬೇಡ ಆಯ್ತು ಸಾರ್, ಅಷ್ಟು ಬೆಂಕಿ,” ಎಂದು ತನ್ನ ಹೊಸ ಕನ್ನಡದಲ್ಲಿ ಹೇಳಿದ. ಎಣ್ಣೆಯ ಊರಲ್ಲಿ ಇದ್ದೂ ಎಣ್ಣೆಯಲ್ಲಿ ಕೆಲಸ ಸಿಗಲಿಲ್ಲವಾ ಎಂದೆ. “ಅದು ಓದಿದವರಿಗೆ,” ಎಂದು ಪೈಪು ಹೆಗಲಿಗೇರಿಸಿ ಹೋದ. ಗೆಳೆಯ ಬಾಯಿ ಬಿಡಲಿಲ್ಲ. ಓದಿದವನ ಗತಿ ಅವನಿಗೆ ಗೊತ್ತಿತ್ತಲ್ಲ.

ಬೆಳಗ್ಗೆ ಕಾಫಿಯ ಹೊತ್ತಿಗೆ ಗೆಳೆಯನ ಅಣ್ಣನ ಮಗಳು ಬಂದಳು. ಭೂವಿಜ್ಞಾನದಲ್ಲಿ ಎಂ.ಎಸ್ಸಿ. ಕೊನೆಯ ಸೆಮಿಸ್ಟರು. ಕೈಯಲ್ಲಿ ಅಬರ್ಡೀನಿನದೇ ಕೋರ್ಸಿನ ವಿವರ, ಹೆಸರಿನಲ್ಲೇ ‘ಎನರ್ಜಿ ಟ್ರಾನ್ಸಿಷನ್’ ಇದೆ, ಅದೇ ಇಂಧನ ಬದಲಾವಣೆ.

“ಅಂಕಲ್, ಚಿಕ್ಕಪ್ಪ ಓದಿದ್ದಕ್ಕೇ ಬಣ್ಣ ಬಳಿದಿದ್ದಾರಾ, ಅಥವಾ ನಿಜವಾಗಿ ಬೇರೇನಾ?”

ಜಾಣ ಪ್ರಶ್ನೆ. ಬೋರ್ಡು ಬದಲಿಸುವುದು ಸುಲಭ ಎಂದು ನಾನು ಬಲ್ಲೆ, ನಮ್ಮ ವಿಭಾಗದಲ್ಲೂ ಮಾಡಿದ್ದೇವೆ. ಕೆನಡಾದ ಎಣ್ಣೆ ಊರು ಕ್ಯಾಲ್ಗರಿಯಲ್ಲಿ ಅಷ್ಟೂ ಮಾಡಲಿಲ್ಲ. 2021ರಲ್ಲಿ ಅಲ್ಲಿನ ವಿಶ್ವವಿದ್ಯಾಲಯ ಆಯಿಲ್ ಅಂಡ್ ಗ್ಯಾಸ್ ಎಂಜಿನಿಯರಿಂಗ್ ಪದವಿಗೆ ಹೊಸಬರನ್ನು ಸೇರಿಸಿಕೊಳ್ಳುವುದನ್ನೇ ನಿಲ್ಲಿಸಿತು. ಸೇರುವವರೇ ಕಡಿಮೆಯಾಗಿದ್ದರು. ಟೆಕ್ಸಸ್ಸಿನ ಕಥೆ ಇನ್ನೊಂದು ಬಗೆ. ವಿಶ್ವವಿದ್ಯಾಲಯಕ್ಕೆಂದು ಬಿಟ್ಟಿದ್ದ ಬರಡು ಜಮೀನಿನಲ್ಲಿ 1923ರಲ್ಲಿ ಸಾಂತಾ ರೀಟಾ ಎಂಬ ಬಾವಿ ಉಕ್ಕಿತು, ಅಂದಿನಿಂದ ಆ ವಿಶ್ವವಿದ್ಯಾಲಯ ಎಣ್ಣೆಯ ರಾಯಧನದಲ್ಲಿ ಬೆಳೆಯಿತು. ಅದೇ ಜಮೀನನ್ನು ಈಗ ಗಾಳಿ, ಸೋಲಾರಿಗೂ ಗುತ್ತಿಗೆ ಕೊಡುತ್ತಾರೆ. ಎಣ್ಣೆಯ ದುಡ್ಡಿನಲ್ಲಿ ಬದುಕುವ ವಿಶ್ವವಿದ್ಯಾಲಯ ತಡೆದುಕೊಂಡೀತು, ಎಣ್ಣೆಯ ಕೆಲಸವನ್ನೇ ನಂಬಿ ಬರುವ ಮಕ್ಕಳ ಮೇಲೆ ನಿಂತದ್ದು ಬೇಗ ಅಲ್ಲಾಡುತ್ತದೆ ಎಂದು ನನಗನ್ನಿಸುತ್ತದೆ.

ಅವಳಿಗೆ ಉತ್ತರ ಕೊಟ್ಟದ್ದು ಗೆಳೆಯ. ಬಾಗಿಲು ಹೊಡೆಯದಂತೆ ಒತ್ತಿಟ್ಟಿದ್ದ ಉರುಟು ಕಲ್ಲನ್ನು ಎತ್ತಿ ತಂದ. ಸಮುದ್ರದ ತಳದಿಂದ ಕೊರೆದು ತೆಗೆದ ಮರಳುಗಲ್ಲು. ಅದರ ಮೇಲೆ ಲೋಟದಿಂದ ನಾಲ್ಕು ಹನಿ ನೀರು ಬಿಟ್ಟ. ನೋಡುತ್ತಿದ್ದಂತೆ ಕಲ್ಲು ನೀರು ಕುಡಿಯಿತು. ಅಂಗಳದ ಕಲ್ಲಿನ ಮೇಲೂ ನಾಲ್ಕು ಹನಿ ಬಿಟ್ಟ. ಅವು ಅಲ್ಲೇ ಮಣಿಯಾಗಿ ನಿಂತವು. “ಮೊದಲು ಈ ಕಲ್ಲಿನಿಂದ ಎಣ್ಣೆ ತೆಗೀತಿದ್ದರು. ಈಗ ಬರಿದಾದ ಇದೇ ಜಾತಿ ಕಲ್ಲಿಗೆ ಕಾರ್ಬನ್ ಡೈಆಕ್ಸೈಡ್ ತುಂಬ್ತೀವಿ ಅಂತಿದ್ದಾರೆ. ಕಲ್ಲು ಓದೋಕೆ ಬರಬೇಕು, ಅಷ್ಟೆ. ಅದನ್ನ ಕಲಿಸ್ತಾರಾ, ಬರೀ ಪಾಲಿಸಿ ಹೇಳ್ತಾರಾ ನೋಡಿಕೊಂಡು ಹೋಗು,” ಎಂದ.

ಈಗ ಅವನೇ ಅಂಗಳದ ಕಲ್ಲನ್ನು ಓದುತ್ತಾನೆ. ಸುತ್ತಲಿನ ತೋಟಗಳಿಗೆ ಬೋರ್‌ವೆಲ್ ಪಾಯಿಂಟು ತೋರಿಸುವುದು ಅವನ ಇನ್ನೊಂದು ಕಸುಬು. ನಮ್ಮ ಗಟ್ಟಿ ಶಿಲೆಯಲ್ಲಿ ನೀರಿರುವುದು ಬಿರುಕಿನಲ್ಲಿ. ಆ ಬಿರುಕನ್ನು ನೆಲದ ಮೇಲಿಂದಲೇ ಊಹಿಸಬೇಕು. ತೆಂಗಿನಕಾಯಿ ಹಿಡಿದು ನಡೆಯುವವರಿಗೂ ಇವನಿಗೂ ಊರಲ್ಲಿ ಸಮ ಗಿರಾಕಿ.

ಮಧ್ಯಾಹ್ನ ಚೆಟ್ಟಳ್ಳಿಗೆ ಹೋದೆವು. 1946ರಿಂದ ಇಲ್ಲಿ ಕಾಫಿ ಸಂಶೋಧನಾ ಉಪಕೇಂದ್ರವಿದೆ, ಪಕ್ಕದಲ್ಲಿ ತೋಟಗಾರಿಕೆ ಪ್ರಯೋಗ ಕೇಂದ್ರ. ಒಂದು ಕಾಲಕ್ಕೆ ಕಾಫಿಯ ನಡುವೆ ಕೊಡಗಿನ ಕಿತ್ತಳೆ ಇಲ್ಲದ ತೋಟವಿರಲಿಲ್ಲ. ರೋಗ ಬಂದು ಗಿಡಗಳು ಒಂದೊಂದಾಗಿ ಒಣಗಿದವು. ಏಲಕ್ಕಿಯನ್ನು ಕಟ್ಟೆ ಎಂಬ ವೈರಸ್ ರೋಗ ಮುಗಿಸಿತು. ಗೆಳೆಯನ ಅವ್ವನಿಗೆ ಕಿತ್ತಳೆ ಲಾರಿಗಳ ನೆನಪಿದೆ, ಅವನಿಗೆ ಮಸುಕಾಗಿ, ಹುಡುಗಿಗೆ ಇಲ್ಲವೇ ಇಲ್ಲ. ಕಾಫಿಗೆ ಈಚೆಗೆ ಬಂದ ಬೆಲೆ ನೋಡಿ ಊರೆಲ್ಲ ಹೊಸ ಜೀಪು ಕೊಳ್ಳುತ್ತಿದೆ. ಇವನೊಬ್ಬ ಕೊಳ್ಳಲಿಲ್ಲ. ನೂರು ಡಾಲರಿನ ಕಾಲದಲ್ಲಿ ಅಬರ್ಡೀನಿನಲ್ಲಿ ಕಾರು ಕೊಂಡ ನೆನಪು ಇನ್ನೂ ಹೋಗಿಲ್ಲವಂತೆ.

ಮರುದಿನ ನನ್ನನ್ನು ಕುಶಾಲನಗರಕ್ಕೆ ಬಿಡಲು ಹೊರಟವನು ಚಿಕ್ಕ ಅಳುವಾರದ ಕಡೆ ಜೀಪು ತಿರುಗಿಸಿದ. ಕೊಡಗಿಗೆ ತನ್ನದೇ ವಿಶ್ವವಿದ್ಯಾಲಯ ಸಿಕ್ಕಿದ್ದು 2023ರಲ್ಲಿ. ದುಡ್ಡಿಲ್ಲವೆಂದು ಮುಚ್ಚಬಹುದಾದವುಗಳ ಪಟ್ಟಿಗೆ ಸಂಪುಟ ಉಪಸಮಿತಿ ಅದನ್ನು ಸೇರಿಸಿದ್ದು 2025ರಲ್ಲಿ. ಎಣ್ಣೆಯನ್ನೇ ಕಾಣದ ಊರಿನ ವಿಶ್ವವಿದ್ಯಾಲಯಕ್ಕೂ ಕುತ್ತಿಗೆಯ ಮೇಲೆ ಕತ್ತಿ. ಗೇಟಿನ ಬಳಿ ನಾಲ್ಕು ಹುಡುಗಿಯರು ಬಸ್ಸಿಗೆ ಕಾಯುತ್ತಿದ್ದರು. ನಾವು ಒಳಗೆ ಹೋಗಲಿಲ್ಲ.

ಬಸ್ಸು ಹೊರಡುವಾಗ ಅವ್ವ ಕೊಟ್ಟಿದ್ದ ಮೆಣಸಿನ ಚೀಲವನ್ನು ಕಿಟಕಿಯಿಂದ ತೂರಿದ. ಒಂದು ಹೆಲ್ಮೆಟ್ಟು ಪೂರ್ತಿ.

ಎಂಟು ದಿನ ಬಿಟ್ಟು ಹುಡುಗಿಯ ವಾಟ್ಸಾಪು ಬಂತು. ಮೊದಲು ಫೋಟೋ, ತೋಟವಿಡೀ ಹೂವು, ಬೆಳ್ಳಗೆ. ಕೆಳಗೆ: “ಅಂಕಲ್, ಪಕ್ಕದ ತೋಟದಲ್ಲಿ ನಾನು ತೋರಿಸಿದ ಪಾಯಿಂಟು ಕೊರೆದರು. 440 ಅಡಿ, ಬರೀ ಧೂಳು. ಚಿಕ್ಕಪ್ಪ ಡೈರಿಯಲ್ಲಿ ‘ಡ್ರೈ ಹೋಲ್’ ಅಂತ ಬರೆದು ಡೇಟ್ ಹಾಕಿದರು. ನಾಳೆ ಕೆಳಗಿನ ಗದ್ದೆ ಬದಿ ನೋಡ್ತೇವೆ.”